ಓಲೆಗರಿಯಿಂದ ಅಂತರ್ಜಾಲದವರೆಗೆ : ಜಿಜ್ಞಾಸೆಯ ಒಂದು ಚರಿತ್ರೆ

ಬೆಂಗಳೂರಿನಿಂದ ತುಮಕೂರಿನತ್ತ ಸಾಗುವ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಕ್ರಮಿಸಿದರೆ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಎದುರಾಗುತ್ತದೆ. ಶಿವಗಂಗೆಯ ಬೆಟ್ಟಕ್ಕೆ ಹೋಗುವ ಭಕ್ತರು ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗುವ ಊರು ಇದು. ಇಂದು ಇದರ ಸುತ್ತ ಕೈಗಾರಿಕಾ ಪ್ರದೇಶ ಬೆಳೆದಿದೆ. ಲಾರಿಗಳ ಸಾಲು, ಪಾಳಿ ಮುಗಿಸಿ ಬರುವ ಕಾರ್ಮಿಕರು, ಬಸ್ಸಿಗಾಗಿ ಕಾದು ನಿಂತ ವಿದ್ಯಾರ್ಥಿಗಳು ಇಲ್ಲಿಯ ನಿತ್ಯದ ನೋಟ. ಕಾದು ನಿಂತವರ ಕೈಯಲ್ಲೆಲ್ಲ ಮೊಬೈಲ್ ಫೋನು. ಜಗತ್ತಿನ ಗ್ರಂಥಭಂಡಾರಗಳ ಬಹುಭಾಗ ಆ ಪುಟ್ಟ ಯಂತ್ರದೊಳಗೆ ತೆರೆದುಕೊಳ್ಳುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ತಾವು ನಿಂತ ಊರಿಗೆ ಈ ಹೆಸರು ಹೇಗೆ ಬಂತು ಎಂದು ಅವರಲ್ಲಿ ಎಷ್ಟು ಮಂದಿ ಕೇಳಿಕೊಂಡಾರು? ಹೆದ್ದಾರಿಯ ಡಾಬಾಗಳಿಂದ ಬಂದ ಹೆಸರಿರಬೇಕೆಂದು ಊಹಿಸಿ ಸುಮ್ಮನಾಗುವುದು ಸುಲಭ. ನಿಜ ಸಂಗತಿ ಬೇರೆ. 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರರ ಕೈಸೇರಿದ ಬಳಿಕ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿ ತುಮಕೂರಿನಲ್ಲಿ ನೆಲೆಸಿ, ದೀರ್ಘಕಾಲ ಅಧಿಕಾರ ನಡೆಸಿದವನು ಆರ್. ಎಸ್. ಡಾಬ್ಸ್ ಎಂಬ ಸೈನ್ಯಾಧಿಕಾರಿ. ಅವನ ಹೆಸರಿನಲ್ಲಿ ಎದ್ದ ಪೇಟೆಯೇ ಜನರ ನಾಲಗೆಯಲ್ಲಿ ಸವೆದು ದಾಬಸ್‌ಪೇಟೆಯಾಯಿತು. ಮೈಸೂರಿನ ದಿನಗಳನ್ನು ಕುರಿತು ಅವನು ಬರೆದ ನೆನಪುಗಳ ಪುಸ್ತಕ 1882ರಲ್ಲಿ ಪ್ರಕಟವಾಗಿದೆ. ಇಷ್ಟನ್ನು ತಿಳಿಯಲು ಈಗ ಅರ್ಧ ನಿಮಿಷ ಸಾಕು. ನಲವತ್ತು ವರ್ಷಗಳ ಹಿಂದೆಯಾಗಿದ್ದರೆ ಬೆಂಗಳೂರಿನ ಯಾವುದಾದರೊಂದು ಗ್ರಂಥಾಲಯದಲ್ಲಿ ಹಳೆಯ ಗ್ಯಾಸೆಟಿಯರುಗಳನ್ನು ತಿರುವಿಹಾಕಬೇಕಾಗಿತ್ತು.

ಉತ್ತರ ಇಷ್ಟು ಹತ್ತಿರ ಬಂದಿರುವಾಗ ಪ್ರಶ್ನೆ ದೂರ ಸರಿದಿದೆಯೇ? ಅಂತರ್ಜಾಲದ ಯುಗದಲ್ಲಿ ಅರಿವಿನ ಹಂಬಲ ಕುಗ್ಗುತ್ತಿದೆಯೇ? ಇದು ಇಂದು ಶಿಕ್ಷಕರೂ ತಂದೆತಾಯಿಗಳೂ ಕಳವಳದಿಂದ ಎತ್ತುತ್ತಿರುವ ಪ್ರಶ್ನೆ. ಇದನ್ನು ಕೇವಲ ಇಂದಿನ ಪ್ರಶ್ನೆಯೆಂದು ನೋಡದೆ ಚರಿತ್ರೆಯ ಬೆಳಕಿನಲ್ಲಿ ನೋಡುವುದು ಉಚಿತ. ಅದಕ್ಕೆ ವಚನಸಾಹಿತ್ಯದ ಎಂಟುನೂರು ವರ್ಷಗಳ ಪಯಣಕ್ಕಿಂತ ಹತ್ತಿರದ ನಿದರ್ಶನ ಕನ್ನಡದಲ್ಲಿ ಮತ್ತೊಂದಿಲ್ಲ. ಬಾಯಿಮಾತಿನಿಂದ ಓಲೆಗರಿಗೆ, ಓಲೆಗರಿಯಿಂದ ಅಚ್ಚಿಗೆ, ಅಚ್ಚಿನಿಂದ ಗಣಕಕ್ಕೆ ವಚನಗಳು ದಾಟಿ ಬಂದಿವೆ. ಪ್ರತಿಯೊಂದು ದಾಟುವಿಕೆಯಲ್ಲಿಯೂ ಏನನ್ನೋ ಪಡೆದಿವೆ, ಏನನ್ನೋ ಕಳೆದುಕೊಂಡಿವೆ.

ಕುತೂಹಲ ಮತ್ತು ಜಿಜ್ಞಾಸೆ

ಮೊದಲು ಎರಡು ಪದಗಳ ಅಂತರವನ್ನು ಗಮನಿಸಬೇಕು. ಕುತೂಹಲವೆಂಬುದು ಹೊಸದನ್ನು ಕಂಡಾಗ ಮನಸ್ಸಿನಲ್ಲಿ ಏಳುವ ಅಲೆ. ಬೀದಿಯಲ್ಲಿ ಗುಂಪು ಕೂಡಿದರೆ ಇಣುಕಿ ನೋಡುವುದೂ ಕುತೂಹಲವೇ. ಜಿಜ್ಞಾಸೆ ಹಾಗಲ್ಲ. 'ಜ್ಞಾ' ಎಂಬ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ತಿಳಿಯಬೇಕೆಂಬ ಇಚ್ಛೆ ಎಂದರ್ಥ. ಜೈಮಿನಿಯ ಧರ್ಮಮೀಮಾಂಸೆಯೂ ಬಾದರಾಯಣರ ಬ್ರಹ್ಮಮೀಮಾಂಸೆಯೂ ಆರಂಭವಾಗುವುದು ಈ ಪದವನ್ನು ಮುಂದಿಟ್ಟುಕೊಂಡೇ. ಕುತೂಹಲ ಉತ್ತರ ಸಿಕ್ಕೊಡನೆ ತಣಿಯುತ್ತದೆ. ಜಿಜ್ಞಾಸೆ ಉತ್ತರದಿಂದ ಮತ್ತೊಂದು ಪ್ರಶ್ನೆಯನ್ನು ಪಡೆಯುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಬೆಳೆಸಿದ್ದು ಈ ಎರಡನೆಯದನ್ನು. ಅನುಭವಗೋಷ್ಠಿಗೆ ಬಂದವರನ್ನು ಪ್ರಶ್ನಿಸದೆ ಒಳಗೆ ಕರೆದುಕೊಳ್ಳಲಿಲ್ಲ. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಒಂದರ ಮೇಲೊಂದರಂತೆ ಒಡ್ಡಿದ ಪ್ರಶ್ನೆಗಳೂ ಅವುಗಳಿಗೆ ಆಕೆ ಕೊಟ್ಟ ಉತ್ತರಗಳೂ ಶೂನ್ಯಸಂಪಾದನೆಯ ಮಹತ್ವದ ಭಾಗವಾಗಿವೆ. ಸೊನ್ನಲಾಪುರದ ಸಿದ್ಧರಾಮರನ್ನೂ ಪ್ರಭುಗಳು ಪ್ರಶ್ನೆಯಿಂದಲೇ ಎಚ್ಚರಿಸಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತಡೆದು ಕೇಳಿದಳು. ಅಕ್ಕಿ ಆಯುವ ಕಾಯಕದ ಹೆಣ್ಣುಮಗಳೊಬ್ಬಳು ಕೇಳಿದ ಪ್ರಶ್ನೆ ಪಂಡಿತರ ಪ್ರಶ್ನೆಯಷ್ಟೇ ಗೌರವ ಪಡೆಯಿತೆಂಬುದು ಆ ಕಾಲದ ವೈಶಿಷ್ಟ್ಯ. ಪ್ರಶ್ನಿಸುವ ಹಕ್ಕನ್ನು ಹುಟ್ಟಿನಿಂದ ಬಿಡಿಸಿ ಅರಿವಿನ ಹಸಿವಿಗೆ ಒಪ್ಪಿಸಿದುದು ಶರಣರ ಸಾಧನೆ.

ಬೆಡಗಿನ ವಚನಗಳನ್ನೂ ಇಲ್ಲಿ ನೆನೆಯಬೇಕು. ಒಗಟಿನಂತೆ ಕಟ್ಟಿದ ಆ ವಚನಗಳು ಓದಿದೊಡನೆ ಅರ್ಥವಾಗುವುದಿಲ್ಲ. ಅರ್ಥವಾಗಬಾರದೆಂದೇ ಹಾಗೆ ಕಟ್ಟಲಾಗಿದೆ. ಓದುಗನನ್ನು ತಡೆದು ನಿಲ್ಲಿಸಿ, ಅವನಲ್ಲಿ ಚಡಪಡಿಕೆ ಹುಟ್ಟಿಸಿ, ಗುರುವಿನ ಬಳಿಗೋ ತನ್ನ ಅಂತರಂಗದೊಳಕ್ಕೋ ಕಳುಹಿಸುವುದು ಅವುಗಳ ಉದ್ದೇಶ.

ಓಲೆಗರಿಯ ಕಾಲ

ಕಲ್ಯಾಣದ ವಿಪ್ಲವದ ಬಳಿಕ ಶರಣರು ಚದುರಿದರು. ವಚನಗಳು ನೆನಪಿನಲ್ಲಿಯೂ ಬಿಡಿ ಓಲೆಗಳಲ್ಲಿಯೂ ಉಳಿದುವು. ಅವನ್ನು ಹುಡುಕಿ ಕೂಡಿಸುವ ಮಹತ್ಕಾರ್ಯ ನಡೆದುದು ಎರಡು ಶತಮಾನಗಳಿಗೂ ಮಿಕ್ಕ ಕಾಲ ಕಳೆದ ಮೇಲೆ, ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯಲ್ಲಿ (1424-46). ನೂರೊಂದು ವಿರಕ್ತರೆಂದು ಪ್ರಸಿದ್ಧರಾದ ಶರಣರ ಪರಂಪರೆ ಈ ಕಾಲದ್ದು. ಮಂತ್ರಿಯಾಗಿದ್ದ ಲಕ್ಕಣ್ಣ ದಂಡೇಶ ಶಿವತತ್ತ್ವಚಿಂತಾಮಣಿಯನ್ನು ರಚಿಸಿದ. ಮಹಲಿಂಗದೇವ, ಜಕ್ಕಣಾರ್ಯ ಮೊದಲಾದವರು ನೂರೊಂದು ಸ್ಥಲಗಳ ಕಟ್ಟನ್ನು ಹಾಕಿದರು. ಬಿಡಿಬಿಡಿಯಾಗಿ ಹರಡಿದ್ದ ವಚನಗಳಿಗೆ ಒಂದು ಕ್ರಮ ದೊರೆತುದು ಹೀಗೆ.

ಶೂನ್ಯಸಂಪಾದನೆಯ ಚರಿತ್ರೆ ಇನ್ನೂ ಬೋಧಪ್ರದ. ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದು ಮೊದಲ ಶೂನ್ಯಸಂಪಾದನೆಯನ್ನು ಕಟ್ಟಿದ. ಅಂಥ ಮೇರುಕೃತಿ ಸಿದ್ಧವಾದ ಮೇಲೆ ಅದನ್ನೇ ಪ್ರತಿಮಾಡಿಕೊಂಡು ಪೂಜಿಸಿ ತೃಪ್ತರಾಗಬಹುದಾಗಿತ್ತು. ಹಾಗಾಗಲಿಲ್ಲ. ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ಮೂವರು ಒಬ್ಬರಾದ ಮೇಲೊಬ್ಬರು ಅದನ್ನು ಮರಳಿ ಪರಿಶೀಲಿಸಿ ಹೊಸದಾಗಿ ಸಂಕಲಿಸಿದರು. ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾಯಿತೆಂಬ ಪ್ರಸಂಗ ಮೊದಲ ಸಂಕಲನದಲ್ಲಿಲ್ಲ. ನಂತರದ ಸಂಕಲನಗಳಲ್ಲಿ ಸೇರಿತು. ಯಾವುದು ಸರಿ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದು ಬಂದಿದೆ. ಇಲ್ಲಿ ಗಮನಾರ್ಹವಾದುದೆಂದರೆ, ನಾಲ್ಕು ತಲೆಮಾರುಗಳ ಸಂಕಲನಕಾರರು ಪವಿತ್ರವೆಂದು ಭಾವಿಸಿದ ಗ್ರಂಥದ ಮುಂದೆಯೂ ಪ್ರಶ್ನೆಯನ್ನು ಕೈಬಿಡಲಿಲ್ಲ ಎಂಬುದು.

ಈ ಕೆಲಸದ ಬಹುಭಾಗ ನಡೆದುದು ದೂರದ ನಾಡಿನಲ್ಲಲ್ಲ. ಗೂಳೂರು ತುಮಕೂರಿನ ಮಗ್ಗುಲಿನ ಊರು. ತೋಂಟದ ಸಿದ್ಧಲಿಂಗ ಯತಿಗಳು ನೆಲೆಗೊಂಡ ಎಡೆಯೂರು ಕುಣಿಗಲ್ ತಾಲ್ಲೂಕಿನದು. 701 ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತ ಅವರ ಕೃತಿ. ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅವರ ಶಿಷ್ಯಪರಂಪರೆಗೆ ಸೇರಿದವರು. ದಾಬಸ್‌ಪೇಟೆಯಿಂದ ಅರ್ಧ ದಿನದೊಳಗೆ ಹೋಗಿಬರಬಹುದಾದ ಈ ನೆಲದಲ್ಲಿ ಐದಾರು ಶತಮಾನಗಳ ಹಿಂದೆ ವಿರಕ್ತರು ದೀಪದ ಬೆಳಕಿನಲ್ಲಿ ಕಂಟದಿಂದ ಓಲೆಯ ಮೇಲೆ ಒಂದೊಂದೇ ಅಕ್ಷರವನ್ನು ಕೊರೆಯುತ್ತಿದ್ದರು. ಒಂದು ಪ್ರತಿ ಮುಗಿಯಲು ತಿಂಗಳುಗಳು ಹಿಡಿಯುತ್ತಿದ್ದುವು. ಪ್ರತಿಮಾಡುವವನು ಓದದೆ ಬರೆಯುವಂತಿರಲಿಲ್ಲ, ಓದಿದ ಮೇಲೆ ಯೋಚಿಸದೆ ಇರುವಂತಿರಲಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಅಷ್ಟು ದೀರ್ಘವಾದ ದಾರಿ ಇತ್ತು. ಆ ದಾರಿಯೇ ಅವರ ಸಾಧನೆಯೂ ಆಗಿತ್ತು.

ಆದರೆ ಹಿಂದಿನದೆಲ್ಲವೂ ಸುವರ್ಣಯುಗವೆಂದು ತಿಳಿಯುವುದು ಚರಿತ್ರೆಗೆ ಬಗೆಯುವ ಅಪಚಾರ. ನಂತರದ ಶತಮಾನಗಳಲ್ಲಿ ಎಷ್ಟೋ ಓಲೆಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲೆ ಇಡಲ್ಪಟ್ಟುವು. ವಿಭೂತಿ ಧರಿಸಿದುವು, ಹೂವು ಪತ್ರೆ ಪಡೆದುವು, ಬಿಚ್ಚಲ್ಪಡಲಿಲ್ಲ. ಮನೆಯ ಹಿರಿಯರ ಪೂಜೆಗೆ ಸಂದ ಕಟ್ಟಿನಲ್ಲಿ ಏನಿದೆಯೆಂದು ಮನೆಯವರಿಗೇ ತಿಳಿದಿರಲಿಲ್ಲ. ಹುಳುವಿಗೂ ಗೆದ್ದಲಿಗೂ ಸಂದ ಗರಿಗಳೆಷ್ಟೆಂದು ಲೆಕ್ಕವಿಟ್ಟವರಿಲ್ಲ. ಅಂತರ್ಜಾಲವಿಲ್ಲದ, ಅಚ್ಚಿನ ಯಂತ್ರವೂ ಇಲ್ಲದ ಕಾಲದಲ್ಲಿಯೇ ಜಿಜ್ಞಾಸೆ ಹೀಗೆ ಬತ್ತಿತ್ತು. ಪ್ರಶ್ನೆಯಿಂದ ಹುಟ್ಟಿದ ಸಾಹಿತ್ಯ ಪ್ರಶ್ನಾತೀತವಾದ ಪೂಜಾವಸ್ತುವಾದುದು ಈ ಚರಿತ್ರೆಯ ದೊಡ್ಡ ವಿಪರ್ಯಾಸ.

ಅಚ್ಚಿನ ಕಾಲ

ಆ ಕಟ್ಟುಗಳನ್ನು ಬಿಚ್ಚಿಸಿದ ಪುಣ್ಯಾತ್ಮರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ಕಲಿತು, ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಕೈತುಂಬ ಸಂಪಾದಿಸಿ ನೆಮ್ಮದಿಯಿಂದ ಇರಬಹುದಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಮನೆಯೊಂದರಲ್ಲಿ ಕಂಡ ವಚನದ ಓಲೆಗಳು ಅವರ ಬಾಳಿನ ದಿಕ್ಕನ್ನೇ ಬದಲಿಸಿದುವು. ಇಂಥವು ಇನ್ನೆಷ್ಟಿವೆ, ಎಲ್ಲಿವೆ, ಇವನ್ನು ನುಡಿದವರು ಯಾರು ಎಂಬ ಪ್ರಶ್ನೆಗಳ ಬೆನ್ನು ಹತ್ತಿ ಅವರು ಮನೆಮನೆಗೆ, ಮಠಮಠಕ್ಕೆ ಅಲೆದರು. ಕೆಲವರು ಕೊಟ್ಟರು, ಕೆಲವರು ಕೊಡಲೊಪ್ಪಲಿಲ್ಲ. ದೊರೆತುದನ್ನು ಪ್ರತಿಮಾಡಿ, ಹಲವು ಪ್ರತಿಗಳ ಪಾಠಾಂತರಗಳನ್ನು ಹೋಲಿಸಿ, ಸ್ಥಲಕ್ರಮಕ್ಕೆ ಅಳವಡಿಸಿದರು. ಈ ಪರಿಶ್ರಮದ ಫಲವಾಗಿ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು. ಮೊದಲ ಓಲೆಯಿಂದ ಮೊದಲ ಪುಸ್ತಕಕ್ಕೆ ಸುಮಾರು ಎರಡು ದಶಕಗಳ ಅಂತರ.

ಪುಸ್ತಕಗಳನ್ನು ಅಚ್ಚು ಮಾಡಿಸುವುದೇ ದುಸ್ತರವೆನಿಸಿದಾಗ 1925ರಲ್ಲಿ ತಾವೇ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಈ ಕಾರ್ಯಕ್ಕಾಗಿ ಅವರು ಸ್ವಂತ ಮನೆಯನ್ನೂ ಮಾರಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಹುಡುಕಾಟ ನಿಲ್ಲಲಿಲ್ಲ. ಹೆಸರು ಮಾತ್ರ ಉಳಿದಿದ್ದ ಎಷ್ಟೋ ವಚನಕಾರರು ಅವರಿಂದಾಗಿ ಮತ್ತೆ ದನಿ ಪಡೆದರು.

ಅದೇ ಕಾಲದಲ್ಲಿ ಉತ್ತಂಗಿ ಚನ್ನಪ್ಪನವರು ಹಳ್ಳಿಹಳ್ಳಿಗಳಲ್ಲಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅವರು ಕ್ರೈಸ್ತ ಪಾದ್ರಿಗಳು. ಮುಂದೆ ಅನುಭವಮಂಟಪವನ್ನೂ ಸಿದ್ಧರಾಮರ ಸಾಹಿತ್ಯವನ್ನೂ ಆಸ್ಥೆಯಿಂದ ಅಭ್ಯಸಿಸಿದರು. ಜಿಜ್ಞಾಸೆಗೆ ಮತದ ಬೇಲಿಯಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಮತ್ತು ಆರ್. ನರಸಿಂಹಾಚಾರ್ಯರು ಶಾಸನಗಳನ್ನು ಶೋಧಿಸಿದರು. ನೆಲಮಂಗಲದ ಶಾಸನಗಳೂ ಸೇರಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟ ಹೊರಬಂದುದು 1905ರಲ್ಲಿ.

ಅಚ್ಚಿನಿಂದ ವಚನಗಳು ಎಲ್ಲರ ಕೈಗೆ ಬಂದುವು. ಅದರ ಜೊತೆಗೆ ಓಲೆಯ ಲಿಪಿಯನ್ನು ಓದಬಲ್ಲವರು ವಿರಳರಾದರು. ಅಚ್ಚಾದುದು ಇರುವಾಗ ಓಲೆಯನ್ನೇಕೆ ಓದಬೇಕು ಎಂಬ ಭಾವನೆ ಬೆಳೆಯಿತು. ಒಂದು ಜಿಜ್ಞಾಸೆಯ ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿಕೊಂಡಿತು. 1993ರಲ್ಲಿ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ನಿರ್ದೇಶನಾಲಯವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ಸಮಗ್ರ ವಚನ ಸಂಪುಟದ 15 ಸಂಪುಟಗಳಲ್ಲಿ 20,000ಕ್ಕೂ ಮಿಕ್ಕಿದ ವಚನಗಳು ಅಡಕವಾದುವು. ಹಳಕಟ್ಟಿಯವರು ಆರಂಭಿಸಿದ ಯಾತ್ರೆ ಅಲ್ಲಿ ಒಂದು ನೆಲೆಯನ್ನು ಮುಟ್ಟಿತು.

ಗಣಕದ ಕಾಲ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತುದು 1995ರ ಆಗಸ್ಟ್ 15ರಂದು. ಮೊದಲ ವರ್ಷಗಳಲ್ಲಿ ಕನ್ನಡದ ಅಕ್ಷರಗಳು ತೆರೆಯ ಮೇಲೆ ಮೂಡಿದರೂ ಅವನ್ನು ಹುಡುಕುವುದು ಸಾಧ್ಯವಿರಲಿಲ್ಲ. ಒಂದು ತಂತ್ರಾಂಶದಲ್ಲಿ ಬರೆದುದನ್ನು ಇನ್ನೊಂದು ಓದುತ್ತಿರಲಿಲ್ಲ. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ತೊಡಕು ಸರಿಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಮುಂದಿನ ದಶಕದಲ್ಲಿ ಕನ್ನಡದ ಉತ್ಸಾಹಿಗಳು ಸ್ವಯಂಸೇವೆಯಿಂದ ವಚನ ಸಂಚಯವೆಂಬ ಭಂಡಾರವನ್ನು ಕಟ್ಟಿದರು. ಒಂದು ಪದವನ್ನು ಕೊಟ್ಟರೆ ಅದು ಯಾವ ಶರಣರ ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ಕ್ಷಣದಲ್ಲಿ ತೋರಿಸುವ ವ್ಯವಸ್ಥೆ ಅದು.

ಇದರ ಮಹತ್ವವನ್ನು ಕೀಳಂದಾಜು ಮಾಡಬಾರದು. ಒಬ್ಬ ಸಂಶೋಧಕ ವರ್ಷಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಪದಸೂಚಿಯನ್ನು ಇಂದು ದಾಬಸ್‌ಪೇಟೆಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಬಸ್ಸಿಗೆ ಕಾಯುತ್ತಲೇ ಪಡೆಯಬಲ್ಲಳು. ಅಲ್ಲಮಪ್ರಭುಗಳು 'ಬಯಲು' ಎಂಬ ಪದವನ್ನು ಬಳಸಿದ ಬಗೆಗೂ ಚೆನ್ನಬಸವಣ್ಣನವರು ಬಳಸಿದ ಬಗೆಗೂ ಭೇದವಿದೆಯೇ ಎಂದು ಕೇಳಲು ಆಕೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹಿಂದೆ ಗ್ರಂಥ ಯಾರ ಮನೆಯಲ್ಲಿತ್ತೋ ಪ್ರಶ್ನಿಸುವ ಸೌಲಭ್ಯವೂ ಅವರಿಗೇ ಇತ್ತು. ಜಿಜ್ಞಾಸೆ ಕುಗ್ಗಿತೆಂದು ಮರುಗುವವರು ಅನೇಕ ವೇಳೆ ಆ ಸೌಲಭ್ಯವನ್ನು ಮೊದಲಿನಿಂದಲೂ ಪಡೆದಿದ್ದವರೇ ಆಗಿರುತ್ತಾರೆ. ಹಾಗಾಗಿ ಅಂತರ್ಜಾಲವು ಆಯ್ದಕ್ಕಿ ಲಕ್ಕಮ್ಮನ ಪ್ರಶ್ನೆಯ ಹಕ್ಕನ್ನು ಮರಳಿ ತಂದಿದೆಯೆಂದು ಹೇಳಿದರೆ ತಪ್ಪಾಗಲಾರದು.

ಹೊಸ ಸಾಧನದ ಭಯವೂ ಹೊಸದಲ್ಲ. ಗ್ರೀಸಿನ ಪ್ಲೇಟೋ ತನ್ನ ಫೀಡ್ರಸ್ ಎಂಬ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಒಂದು ಕಥೆ ಹೇಳಿಸುತ್ತಾನೆ. ಬರವಣಿಗೆಯನ್ನು ಕಂಡುಹಿಡಿದ ದೇವತೆ ಅದನ್ನು ಈಜಿಪ್ಟಿನ ಅರಸನಿಗೆ ಒಪ್ಪಿಸಿದಾಗ, ಇದರಿಂದ ಜನ ಮರೆವಿಗೆ ಬೀಳುವರು, ಅರಿವಿಲ್ಲದೆಯೇ ಅರಿತವರಂತೆ ತೋರುವರು ಎಂದು ಅರಸ ನಿರಾಕರಿಸುತ್ತಾನೆ. ಬರವಣಿಗೆಯ ವಿರುದ್ಧದ ಆ ಮಾತು ಇಂದಿಗೂ ಉಳಿದಿರುವುದು ಬರವಣಿಗೆಯಿಂದಲೇ. ಆದರೂ ಅರಸನ ಎಚ್ಚರಿಕೆಯಲ್ಲಿ ಒಂದು ಸತ್ಯವಿದೆ. ಮಾಹಿತಿ ಹತ್ತಿರವಿರುವುದು ಬೇರೆ, ಅರಿವು ಒಳಗಿರುವುದು ಬೇರೆ.

ಆಧುನಿಕ ಮನೋವಿಜ್ಞಾನ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದೆ. 2011ರಲ್ಲಿ ಅಮೆರಿಕದ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು, ಗಣಕದಲ್ಲಿ ಉಳಿದಿರುತ್ತದೆಂದು ತಿಳಿದ ವಿಷಯವನ್ನು ಜನ ಕಡಿಮೆ ನೆನಪಿಡುತ್ತಾರೆಂದೂ ಅದು ಇರುವ ಜಾಗವನ್ನು ಹೆಚ್ಚು ನೆನಪಿಡುತ್ತಾರೆಂದೂ ವರದಿ ಮಾಡಿದರು. ಆ ಅಧ್ಯಯನದ ಒಂದು ಪ್ರಯೋಗವನ್ನು 2018ರಲ್ಲಿ ಬೇರೆ ವಿಜ್ಞಾನಿಗಳು ಮತ್ತೆ ನಡೆಸಿದಾಗ ಅದೇ ಫಲ ದೊರೆಯಲಿಲ್ಲ. ಆದ್ದರಿಂದ ಅಂತರ್ಜಾಲ ನೆನಪನ್ನು ಕೊಂದಿತೆಂದು ಘೋಷಿಸುವುದು ಆತುರದ ಮಾತು. 2015ರಲ್ಲಿ ಮ್ಯಾಥ್ಯೂ ಫಿಶರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ಚಿಂತನೀಯ. ಕೆಲವು ಪ್ರಶ್ನೆಗಳಿಗೆ ಅಂತರ್ಜಾಲದಲ್ಲಿ ವಿವರಣೆ ಹುಡುಕಿದವರು, ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಪ್ರಶ್ನೆಗಳನ್ನೂ ತಾವು ಚೆನ್ನಾಗಿ ವಿವರಿಸಬಲ್ಲೆವೆಂದು ಭಾವಿಸಿದರು. ಹೊರಗಿನ ಭಂಡಾರವನ್ನು ತನ್ನೊಳಗಿನದೆಂದು ಮನಸ್ಸು ಎಣಿಸಿಕೊಂಡಿತ್ತು.

ಇದಕ್ಕೂ ಜಿಜ್ಞಾಸೆಗೂ ಇರುವ ನಂಟನ್ನು ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು 1994ರಲ್ಲಿ ಮಂಡಿಸಿದ ವಿಚಾರದಿಂದ ತಿಳಿಯಬಹುದು. ತನಗೆ ತಿಳಿದುದಕ್ಕೂ ತಿಳಿಯಬೇಕಾದುದಕ್ಕೂ ನಡುವೆ ಕಂದಕವಿದೆಯೆಂದು ಕಂಡಾಗ ಮಾತ್ರ ಮನುಷ್ಯನಲ್ಲಿ ಕುತೂಹಲ ಹುಟ್ಟುತ್ತದೆಂಬುದು ಅವರ ಅಭಿಪ್ರಾಯ. ಕಂದಕವೇ ಕಾಣದವನಿಗೆ ದಾಟುವ ಬಯಕೆ ಎಲ್ಲಿಂದ ಬರಬೇಕು? ಎಲ್ಲವೂ ಬೆರಳ ತುದಿಯಲ್ಲಿದೆ ಎಂಬ ಭಾವನೆ ಮಾಡುವ ಹಾನಿ ಇದು. ಅದು ಉತ್ತರವನ್ನು ಕದಿಯುವುದಿಲ್ಲ. ತನಗೆ ತಿಳಿಯದು ಎಂಬ ವಿನಯವನ್ನು ಕದಿಯುತ್ತದೆ. ಶರಣರು ಅರಿವಿಗೆ ಎದುರಾಗಿ ಮರವೆಯನ್ನು ಇಟ್ಟು ಎಚ್ಚರಿಸಿದ್ದರ ಮರ್ಮವೂ ಇದೇ. ಮರೆತಿರುವೆನೆಂಬುದನ್ನೇ ಮರೆತ ಸ್ಥಿತಿ ಅಜ್ಞಾನಕ್ಕಿಂತ ಕಠಿಣ.

ಬೆಟ್ಟದ ಮೇಲಿನ ಒಂದು ಪ್ರಶ್ನೆ

ಈ ಮಾತಿಗೆ ದಾಬಸ್‌ಪೇಟೆಯಿಂದಲೇ ಕಾಣುವ ಶಿವಗಂಗೆಯ ಬೆಟ್ಟ ಒಂದು ನಿದರ್ಶನವನ್ನು ಒದಗಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದ ಆ ಬೆಟ್ಟದಲ್ಲಿ ಒಂದು ಕಡಿದಾದ ತಾಣವನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಇಲ್ಲಿಂದ ಧುಮುಕಿ ಪ್ರಾಣಬಿಟ್ಟಳೆಂದು ಹೇಳುತ್ತಾರೆ. ಅಂತರ್ಜಾಲದಲ್ಲಿ ಶಿವಗಂಗೆಯೆಂದು ಹುಡುಕಿದರೆ ಈ ಕಥೆ ಹತ್ತಾರು ಕಡೆ, ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಎದುರಾಗುತ್ತದೆ. ಹತ್ತು ಕಡೆ ಕಂಡುದರಿಂದ ಅದು ನಿಜವೆಂದು ಓದುಗ ನಂಬುತ್ತಾನೆ.

ಎರಡನೆಯ ಪ್ರಶ್ನೆ ಕೇಳುವವನು ಮಾತ್ರ ಮುಂದೆ ಹೋಗುತ್ತಾನೆ. ಈ ಸಂಗತಿ ತಿಳಿದುದು ಎಲ್ಲಿಂದ? ಆಧಾರವಾಗಿರುವುದು ಶ್ರವಣಬೆಳಗೊಳದ ಶಾಸನ. 1889ರಲ್ಲಿ ರೈಸ್ ಅವರೂ, ಪರಿಷ್ಕೃತ ರೂಪದಲ್ಲಿ 1923ರಲ್ಲಿ ನರಸಿಂಹಾಚಾರ್ಯರೂ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದ್ದಾರೆ. ಶಾಂತಲೆ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದು ಆ ಶಾಸನ ತಿಳಿಸುತ್ತದೆ. ಅದು 1131ರ ಸಂಗತಿಯೆಂದು ವಿದ್ವಾಂಸರು ಎಣಿಸಿದ್ದಾರೆ. ಮಗಳ ಮರಣದ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸನ್ಯಸನ ಕೈಗೊಂಡು ದೇಹತ್ಯಾಗ ಮಾಡಿದುದೂ ಅಲ್ಲಿದೆ. ಬೆಟ್ಟದಿಂದ ಧುಮುಕಿದ ಮಾತು ಶಾಸನದಲ್ಲಿಲ್ಲ. ಜೈನ ಶ್ರಾವಕಿಯಾದ ರಾಣಿ ಶೈವಕ್ಷೇತ್ರದಲ್ಲಿ ಏಕಿದ್ದಳು, ಆಕೆಯ ಕೊನೆ ಯಾವ ಬಗೆಯದು ಎಂಬ ಪ್ರಶ್ನೆಗಳು ಅಲ್ಲಿಂದ ಮುಂದೆ ಹುಟ್ಟುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಥೆಯನ್ನು ಹರಡಿದುದೂ ಅಂತರ್ಜಾಲವೇ, ಆ ಹಳೆಯ ಶಾಸನಸಂಪುಟವನ್ನು ಮನೆಯಲ್ಲಿ ಕುಳಿತೇ ನೋಡುವಂತೆ ಮಾಡಿದುದೂ ಅಂತರ್ಜಾಲವೇ. ಎರಡೂ ಒಂದೇ ಯಂತ್ರದೊಳಗಿವೆ. ಮೊದಲನೆಯದು ತಾನಾಗಿ ಎದುರಿಗೆ ಬರುತ್ತದೆ, ಎರಡನೆಯದನ್ನು ಹುಡುಕಿಕೊಂಡು ಹೋಗಬೇಕು. ಭೇದವಿರುವುದು ಹುಡುಕುವವನ ಹಂಬಲದಲ್ಲಿ.

ವಚನದ ಓದುಗರ ಮುಂದಿರುವ ಸವಾಲು

ವಚನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬೆಳಗಾದರೆ ಮೊಬೈಲಿನಲ್ಲಿ ಹೂವಿನ ಚಿತ್ರದೊಡನೆ ಬರುವ ನಾಲ್ಕು ಸಾಲುಗಳ ಕೆಳಗೆ ಬಸವಣ್ಣನವರ ಹೆಸರಿರುತ್ತದೆ. ಎಷ್ಟೋ ವೇಳೆ ಆ ಸಾಲುಗಳು ಬಸವಣ್ಣನವರವಲ್ಲ; ವಚನವೇ ಅಲ್ಲದಿರುವುದೂ ಉಂಟು. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ಕೇಳಿದೊಡನೆ ಅಂಕಿತಸಹಿತವಾದ 'ವಚನ'ವನ್ನು ಕಟ್ಟಿಕೊಡುವ ಯಂತ್ರವೂ ದೊರೆತಿದೆ. ಬೆಡಗಿನ ವಚನದ ಅರ್ಥವನ್ನೂ ಅದು ತಡವರಿಸದೆ ಹೇಳುತ್ತದೆ, ಸರಿಯಿರಲಿ ತಪ್ಪಿರಲಿ. ಓದುಗನನ್ನು ತಡೆದು ನಿಲ್ಲಿಸಲೆಂದೇ ಕಟ್ಟಿದ ವಚನವನ್ನು ತಡೆಯಿಲ್ಲದೆ ದಾಟಿಸಿಬಿಟ್ಟರೆ ಆ ವಚನದಿಂದ ಆಗಬೇಕಾದ ಕೆಲಸ ಆಗುವುದಿಲ್ಲ.

ಇಲ್ಲಿ ಪಣವಾಗಿರುವುದು ಸಣ್ಣ ವಿಷಯವಲ್ಲ. ಹಳಕಟ್ಟಿಯವರು ಎರಡು ದಶಕಗಳ ಕಾಲ ಪಾಠಾಂತರಗಳನ್ನು ಹೋಲಿಸಿದುದು ಯಾವ ಮಾತು ಯಾರದು ಎಂದು ನಿಶ್ಚಯಿಸುವುದಕ್ಕಾಗಿ. ಆ ನಿಶ್ಚಯವನ್ನು ಓದುಗರು ಕೈಬಿಟ್ಟರೆ ಹುಳುಗಳು ತಿನ್ನದೆ ಉಳಿಸಿದುದನ್ನು ಅಸಡ್ಡೆ ತಿಂದುಹಾಕುತ್ತದೆ. ಓಲೆ ನಾಶವಾದರೆ ನಾಶವಾಯಿತೆಂದು ತಿಳಿಯುತ್ತದೆ. ಸುಳ್ಳು ವಚನ ನಿಜವಚನದ ಜಾಗದಲ್ಲಿ ಕುಳಿತರೆ ಕಳೆದುಹೋದುದೇ ತಿಳಿಯುವುದಿಲ್ಲ.

ಪರಿಹಾರವೂ ಕಠಿಣವಲ್ಲ. ಒಂದು ವಚನ ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದರ ಅಂಕಿತ ಯಾವುದು? ಸಮಗ್ರ ಸಂಪುಟದಲ್ಲಿ ಇದು ಇದೆಯೇ, ಎಷ್ಟನೆಯ ವಚನ? ಇದು ಯಾವ ಸ್ಥಲಕ್ಕೆ ಸೇರಿದುದು, ಇದರ ಹಿಂದೆ ಮುಂದೆ ಯಾವ ವಚನಗಳಿವೆ? ಇದರಲ್ಲಿ ತನಗೆ ಅರ್ಥವಾಗದ ಪದ ಯಾವುದು? ಮೊದಲ ಎರಡಕ್ಕೆ ಯಂತ್ರವೇ ದಾರಿ ತೋರುತ್ತದೆ. ಮೂರನೆಯದಕ್ಕೆ ಗ್ರಂಥವನ್ನು ತೆರೆಯಬೇಕು. ಭಕ್ತಸ್ಥಲದಲ್ಲಿ ನಿಂತು ನುಡಿದ ಮಾತಿಗೂ ಐಕ್ಯಸ್ಥಲದಲ್ಲಿ ನುಡಿದ ಮಾತಿಗೂ ತೂಕ ಬೇರೆ, ಬಿಡಿಯಾಗಿ ಓದುವವನಿಗೆ ಆ ಭೇದ ದಕ್ಕದು. ನಾಲ್ಕನೆಯದಕ್ಕೆ ತನ್ನ ಅಜ್ಞಾನವನ್ನು ತಾನೇ ಒಪ್ಪಿಕೊಳ್ಳಬೇಕು. ಜಿಜ್ಞಾಸೆ ಆರಂಭವಾಗುವುದು ಅಲ್ಲಿಂದ.

ಅಂತರ್ಜಾಲದಿಂದ ಜಿಜ್ಞಾಸೆ ಕುಗ್ಗಿತೇ ಎಂಬ ಪ್ರಶ್ನೆಗೆ ವಚನಸಾಹಿತ್ಯದ ಚರಿತ್ರೆ ಕೊಡುವ ಉತ್ತರ ಇಷ್ಟು. ಓಲೆಯ ಕಾಲದಲ್ಲಿ ಗೂಳೂರಿನ ಸಿದ್ಧವೀರಣ್ಣೊಡೆಯರೂ ಇದ್ದರು, ಕಟ್ಟು ಬಿಚ್ಚದೆ ಪೂಜಿಸಿದವರೂ ಇದ್ದರು. ಅಚ್ಚಿನ ಕಾಲದಲ್ಲಿ ಮನೆ ಮಾರಿದ ಹಳಕಟ್ಟಿಯವರೂ ಇದ್ದರು, ಅವರ ಪುಸ್ತಕವನ್ನು ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟವರೂ ಇದ್ದರು. ಗಣಕದ ಕಾಲದಲ್ಲಿಯೂ ಇಬ್ಬರೂ ಇದ್ದಾರೆ. ಮೊದಲ ಪ್ರಶ್ನೆಗೆ ಉತ್ತರ ಇಂದು ಎಲ್ಲರಿಗೂ ಸಿಗುತ್ತದೆ. ಎರಡನೆಯ ಪ್ರಶ್ನೆಯನ್ನು ಹುಟ್ಟಿಸುವ ಯಂತ್ರ ಇನ್ನೂ ಬಂದಿಲ್ಲ. ಅದನ್ನು ಮನೆಯಲ್ಲಿ ಹಿರಿಯರೂ ಶಾಲೆಯಲ್ಲಿ ಗುರುಗಳೂ ಮಕ್ಕಳ ಮಾತಿಗೆ ಕಿವಿಗೊಟ್ಟು ಕಲಿಸಬೇಕಾಗಿದೆ. ಮಗು 'ಏಕೆ' ಎಂದಾಗ ಫೋನನ್ನು ಕೈಗೆ ಕೊಡುವ ಬದಲು 'ನಿನಗೇನನ್ನಿಸುತ್ತದೆ' ಎಂದು ಮರಳಿ ಕೇಳಿದರೆ, ಅನುಭವಗೋಷ್ಠಿ ಆ ಮನೆಯ ಪಡಸಾಲೆಯಲ್ಲಿಯೇ ಮತ್ತೆ ಕೂಡಿದಂತೆ.

ಶಿವಗಂಗೆಗೆ ಹೋಗುವವರು ಮುಂದಿನ ಸಲ ದಾಬಸ್‌ಪೇಟೆಯಲ್ಲಿ ಇಳಿದಾಗ ಊರಿನ ಹೆಸರಿನ ಕಥೆಯನ್ನು ಜೊತೆಯಲ್ಲಿರುವ ಮಕ್ಕಳಿಗೆ ಹೇಳದೆ, ಮೊದಲು ಕೇಳಿ ನೋಡಲಿ. ಬೆಟ್ಟ ಏರುವಷ್ಟು ಹೊತ್ತು ಅವರು ಆ ಪ್ರಶ್ನೆಯನ್ನು ಹೊತ್ತು ನಡೆಯಲಿ. ಉತ್ತರ ಇಳಿಯುವಾಗ ಸಿಕ್ಕರೂ ತಡವಾಗುವುದಿಲ್ಲ.